ಕದಲಿಸದೆ ಬಿಟ್ಟ ದೇವರು

ಮೈಸೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಒಂದು ಅಶ್ವತ್ಥಕಟ್ಟೆ ಸಿಗುತ್ತದೆ. ನಾಗರಕಲ್ಲುಗಳ ಹಿಂದೆ, ಬೇರಿನ ಸಂದಿಗಳಲ್ಲಿ, ಮನೆಗಳಿಂದ ಹೊರಬಿದ್ದ ದೇವರ ಪಟಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಗಾಜು ಬಿರಿದ ವೆಂಕಟರಮಣ, ಗೆದ್ದಲು ತಿಂದ ಕಟ್ಟಿನ ಲಕ್ಷ್ಮಿ, ಬಿಸಿಲಿಗೆ ಬರೀ ನೀಲಿಯಾಗಿ ಉಳಿದ ರಾಘವೇಂದ್ರ ಸ್ವಾಮಿ. ಮುದ್ರಣದ ನಾಲ್ಕು ಬಣ್ಣಗಳಲ್ಲಿ ಹಳದಿ ಮತ್ತು ಮಜೆಂಟಾ ಬೆಳಕಿಗೆ ಬೇಗ ಸೋಲುತ್ತವೆ. ನೀಲಿ, ಕಪ್ಪು ಹೆಚ್ಚು ಕಾಲ ತಾಳುತ್ತವೆ. ಹೀಗಾಗಿ ಕಟ್ಟೆಯ ಮೇಲಿನ ದೇವರೆಲ್ಲ ದಿನ ಕಳೆದಂತೆ ನೀಲಿಗೆ ತಿರುಗುತ್ತಾರೆ.

ನಾನು ಅನ್ವಯಿಕ ಕಲೆ ಓದುತ್ತಿರುವವಳು. ಕಣ್ಣು ಬೀದಿಯಲ್ಲಿ ಪಳಗಬೇಕು ಎನ್ನುತ್ತಾರೆ ನಮ್ಮ ಮೇಷ್ಟ್ರು. ಸಹಪಾಠಿಗಳ ಸ್ಕೆಚ್ ಪುಸ್ತಕಗಳಲ್ಲಿ ಲಾರಿಗಳ ಹಿಂಭಾಗದ ಅಕ್ಷರಗಳಿವೆ, ಟಾಂಗಾದ ಚಿತ್ತಾರವಿದೆ, ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಗಳಿವೆ. ನನ್ನ ಪುಸ್ತಕದ ತುಂಬ ಈ ಪಟಗಳೇ. ಅವು ಚೆಂದವೆಂದಲ್ಲ, ಅವುಗಳ ಮುಂದೆ ನಿಂತರೆ ಏಳುವ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ತಂದಿಟ್ಟವರು ಇನ್ನು ಇವನ್ನು ಪೂಜಿಸುವುದಿಲ್ಲ. ಕಸದ ಗಾಡಿಗೆ ಹಾಕುವುದಕ್ಕೂ ಅವರಿಗೆ ಮನಸ್ಸು ಬರಲಿಲ್ಲ. ಹಾಗಾದರೆ ಮರದ ಬುಡದಲ್ಲಿ ಇರುವುದು ಏನು? ಕಾಗದ ಯಾವ ಗಳಿಗೆಯಲ್ಲಿ ದೇವರಾಯಿತು? ದೇವರಾದದ್ದು ಮತ್ತೆ ಯಾವಾಗ ಕಾಗದವಾಗುತ್ತದೆ? ಇದನ್ನು ಪುರೋಹಿತರಿಗೋ ಪಂಡಿತರಿಗೋ ಬಿಟ್ಟು ನಾವು ಡಿಸೈನ್ ಕಲಿಯುವವರು ಸುಮ್ಮನಿರುವಂತಿಲ್ಲ. ಆ ಕಾಗದವನ್ನು ಮಾಡಿ ಮನೆಗಳಿಗೆ ಕಳಿಸುವವರು ನಾವೇ.

ಕೊಳ್ಳೇಗಾಲದಲ್ಲಿ ನಮ್ಮ ಚಿಕ್ಕಪ್ಪನದೊಂದು ಸಣ್ಣ ಪ್ರೆಸ್ಸಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ತಿಥಿ ಕಾರ್ಡು, ವರ್ಷದ ಕೊನೆಗೆ ಅಂಗಡಿಗಳ ಕ್ಯಾಲೆಂಡರು. ಅವರ ಆಫ್‌ಸೆಟ್ ಮಷೀನು ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುತ್ತದೆ. ಮೊದಲು ಹಳದಿ ಬೀಳುತ್ತದೆ, ಆಗ ಹಾಳೆಯ ಮೇಲೆ ಏನಿದೆ ಎಂದೇ ತಿಳಿಯದು. ಮಜೆಂಟಾ ಬಿದ್ದಾಗ ಸೀರೆ, ಹೂವು, ತುಟಿ. ನೀಲಿ ಬಿದ್ದಾಗ ಹಿಂದಿನ ಬೆಟ್ಟ, ಆಕಾಶ, ಮುಖದ ಉಬ್ಬುತಗ್ಗು. ಕೊನೆಯದು ಕಪ್ಪು. ಹುಬ್ಬು, ಕೂದಲು, ಕಣ್ಣಪಾಪೆ ಎಲ್ಲ ಬರುವುದು ಆಗ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುವವರೆಗೆ ಒಂದಷ್ಟು ಹಾಳೆಗಳು ವೇಸ್ಟಾಗಿ ಹೋಗುತ್ತವೆ. ಮೂರು ಬಣ್ಣದವರೆಗಿನ ವೇಸ್ಟ್ ಹಾಳೆಗಳ ರಾಶಿಯ ಮೇಲೆ ಪ್ರೆಸ್ಸಿನವರು ಟೀ ಲೋಟ ಇಡುತ್ತಾರೆ, ಇಂಕಿನ ಕೈ ಒರೆಸುತ್ತಾರೆ. ಕಪ್ಪು ಬಿದ್ದ ಹಾಳೆಯನ್ನು ಯಾರೂ ಹಾಗೆ ಬಳಸಿದ್ದನ್ನು ನಾನು ನೋಡಿಲ್ಲ. ಮಸಿ ಅದೇ, ಕಾಗದ ಅದೇ, ದೇವರೂ ಅದೇ. ಕಣ್ಣು ಬಂತು, ಅಷ್ಟೇ.

ಶಿಲ್ಪಿಗಳು ಇದನ್ನು ನಮಗಿಂತ ಬಹಳ ಮೊದಲೇ ಬಲ್ಲವರು. ವಿಗ್ರಹದಲ್ಲಿ ಕಣ್ಣು ತೆರೆಯುವುದು ಕೊನೆಯ ಕೆಲಸ. ಅದಕ್ಕೆ ಮುಹೂರ್ತ ಬೇಕು, ಬೇರೆಯದೇ ಉಳಿ ಬೇಕು. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಕಡೆದ ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಕಣ್ಣುಗಳಿಗಾಗಿ ಬೆಳ್ಳಿಯ ಸುತ್ತಿಗೆ, ಚಿನ್ನದ ಉಳಿ ಹಿಡಿದರು. ಚಿಕ್ಕಪ್ಪನ ಪ್ರೆಸ್ಸಿನಲ್ಲಿ ಆ ಕೆಲಸ ಮಾಡುವುದು ಕಪ್ಪು ಪ್ಲೇಟು. ಮುಹೂರ್ತವಿಲ್ಲ, ಮಂತ್ರವಿಲ್ಲ, ಗಂಟೆಗೆ ಸಾವಿರಾರು ಹಾಳೆ. ಆದರೂ ಕಣ್ಣು ತೆರೆದದ್ದು ತೆರೆದದ್ದೇ.

ಪ್ರೆಸ್ಸಿನ ಹಳೆಯ ಮಷಿನ್‌ಮನ್ ಮುಸಲ್ಮಾನರು. ನಾನು ಅವರನ್ನು ಚಾಚಾ ಎಂದು ಕರೆದೇ ಬೆಳೆದವಳು. ಕಪ್ಪು ಬಿದ್ದ ವೇಸ್ಟ್ ಹಾಳೆಗಳನ್ನು ಅವರೇ ಬೇರೆ ಕಟ್ಟುತ್ತಾರೆ. ರದ್ದಿಗೆ ತೂಕಕ್ಕೆ ಹಾಕಗೊಡುವುದಿಲ್ಲ. "ನಮ್ಮಲ್ಲೂ ಆಯತ್ ಇರೋ ಕಾಗದ ಕಸಕ್ಕೆ ಹಾಕಲ್ಲಮ್ಮ" ಎಂದಿದ್ದರು ಒಮ್ಮೆ. ಅವರ ಧರ್ಮದಲ್ಲಿ ದೇವರಿಗೆ ಚಿತ್ರವೇ ಇಲ್ಲ; ಆದರೆ ಇನ್ನೊಬ್ಬರು ಕೈಮುಗಿಯುವ ಕಾಗದ ಯಾವುದು, ಮುಗಿಯದ ಕಾಗದ ಯಾವುದು ಎಂಬ ವ್ಯತ್ಯಾಸ ಅವರ ಕೈಗೆ ಗೊತ್ತು. ಕಾಲಿಗೆ ಪುಸ್ತಕ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾಡು ಇದು. ಅಲ್ಲಿ ಏನು ಅಚ್ಚಾಗಿದೆ ಎಂದು ಯಾರೂ ಮೊದಲು ಓದಿ ನೋಡುವುದಿಲ್ಲ.

ತರಗತಿಯಿಂದ ನಮ್ಮನ್ನು ಜಗನ್ಮೋಹನ ಅರಮನೆಯ ಗ್ಯಾಲರಿಗೆ ಕರೆದೊಯ್ದಿದ್ದರು. ರಾಜಾ ರವಿವರ್ಮ ಮೈಸೂರಿಗಾಗಿ ಬರೆದ ಪುರಾಣದ ತೈಲಚಿತ್ರಗಳು ಅಲ್ಲಿವೆ. ಜನ ದೂರ ನಿಂತು ನೋಡುತ್ತಾರೆ, ಬಟ್ಟೆಯ ಮಡಿಕೆ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ಕೈಮುಗಿಯುವವರು ಕಾಣಲಿಲ್ಲ. ಅದೇ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ಸು ಹಾಕಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಅಚ್ಚು ಮಾಡಿಸಿ ಹೊರತಂದ ಲಕ್ಷ್ಮಿ, ಸರಸ್ವತಿಯರು ಮಾತ್ರ ದೇವರ ಗೂಡು ಸೇರಿ ಅರಿಶಿನ ಕುಂಕುಮ ಹಚ್ಚಿಸಿಕೊಂಡರು. ಯಂತ್ರದಿಂದ ಪ್ರತಿ ತೆಗೆದಂತೆಲ್ಲ ಕಲಾಕೃತಿಯ ಪ್ರಭೆ ಬಾಡುತ್ತದೆ ಎಂದು ಜರ್ಮನಿಯ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ವಾದಿಸಿದ್ದನ್ನು ಕಲಾ ಇತಿಹಾಸದ ಪಾಠದಲ್ಲಿ ಓದಿದೆವು. ಯುರೋಪಿನ ಮ್ಯೂಸಿಯಮ್ಮುಗಳಿಗೆ ಅದು ಸರಿಯಿರಬಹುದು. ನಮ್ಮ ಮನೆಗಳಲ್ಲಿ ನಡೆದದ್ದು ತಿರುಗುಮುರುಗು: ಮೂಲಚಿತ್ರ ಚಿತ್ರವಾಗಿಯೇ ಉಳಿಯಿತು, ಪ್ರತಿ ದೇವರಾಯಿತು. ಪ್ರಭೆ ಹುಟ್ಟಿದ್ದು ಬರೆದವರ ಕೈಯಲ್ಲಲ್ಲ, ದಿನಾ ಬೆಳಗ್ಗೆ ಎದ್ದು ಅದರ ಮುಂದೆ ನಿಂತವರ ಕಣ್ಣಿನಲ್ಲಿ.

ಹಾಗೆಂದು ಎಲ್ಲವನ್ನೂ ನೋಡುವವರ ಮೇಲೆ ಹೊರಿಸಿಬಿಟ್ಟರೆ ವಿನ್ಯಾಸಕಾರರ ಪಾಲಿನ ಹೊಣೆ ತಪ್ಪಿಹೋಗುತ್ತದೆ. ಮೈಸೂರ್ ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯನ್ನು ನೋಡಿ. ಅದರ ಮೇಲಿರುವುದು ಶರಭ: ಸಿಂಹದ ಮೈ, ಆನೆಯ ತಲೆ. ನರಸಿಂಹನ ಉಗ್ರ ತಣಿಸಲು ಶಿವನೇ ಶರಭನಾದ ಕಥೆ ಶೈವ ಪುರಾಣಗಳಲ್ಲಿದೆ. ಆದರೂ ಸಾಬೂನು ಮುಗಿದ ಮೇಲೆ ಆ ಪೆಟ್ಟಿಗೆ ಬಿಸಾಡಲು ಯಾರ ಕೈಯೂ ತಡೆಯುವುದಿಲ್ಲ. ಶರಭ ಪಕ್ಕಕ್ಕೆ ತಿರುಗಿ ತನ್ನ ಪಾಡಿಗೆ ನಿಂತಿದೆ, ನಮ್ಮನ್ನು ನೋಡುತ್ತಿಲ್ಲ. ಕ್ಯಾಲೆಂಡರಿನ ದೇವರಾದರೋ ಎದುರಾಗಿ ಕೂತು ಎರಡು ಕಣ್ಣೂ ತುಂಬ ನೋಡುತ್ತಾರೆ. ಕೋಣೆಯ ಯಾವ ಮೂಲೆಗೆ ಸರಿದರೂ ಆ ನೋಟ ಹಿಂದೆಯೇ ಬರುತ್ತದೆ. ದರ್ಶನವೆಂದರೆ ನಾವು ನೋಡುವುದಷ್ಟೇ ಅಲ್ಲ, ನೋಡಿಸಿಕೊಳ್ಳುವುದೂ ಹೌದು. ಮುಖವನ್ನು ಎದುರಿಗೆ ತಿರುಗಿಸಬೇಕೋ ಪಕ್ಕಕ್ಕೋ ಎಂಬುದನ್ನು ತೀರ್ಮಾನಿಸುವವರು ನಾವು. ಕಂಪ್ಯೂಟರಿನ ಮುಂದೆ ಕೂತು ಯಾವ ಯೋಚನೆಯೂ ಇಲ್ಲದೆ ಮಾಡಿಬಿಡುವ ಆ ತೀರ್ಮಾನಕ್ಕೆ ಎಷ್ಟು ಬಲವಿದೆ ಎಂದು ನೆನೆದರೆ ನನಗೆ ಭಯಭಕ್ತಿ ಎರಡೂ ಆಗುತ್ತವೆ.

ಅದೇ ಬಲವನ್ನು ಮೆಟ್ಟಿಲ ಮೂಲೆಗಳಲ್ಲಿ ದುಡಿಸಿಕೊಳ್ಳುವುದನ್ನೂ ನೋಡುತ್ತೇವೆ. ಉಗುಳಬಾರದು, ಮೂತ್ರ ಮಾಡಬಾರದು ಎಂದು ಗೋಡೆಯ ಬುಡಕ್ಕೆ ದೇವರ ಟೈಲ್ಸ್ ಹಚ್ಚುತ್ತಾರೆ. ಅದು ಕೆಲಸ ಮಾಡುತ್ತದೆ ಎಂಬುದು ನಿಜ. ನನಗಂತೂ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಣ್ಣಿರುವ ಮುಖವನ್ನು ಮೊಣಕಾಲಿನ ಎತ್ತರದಲ್ಲಿ ಕಾವಲಿಗೆ ನಿಲ್ಲಿಸುವುದು ನಂಬಿಕೆಯಲ್ಲ, ನಂಬುವವರ ಅಂಜಿಕೆಯ ಬಳಕೆ.

ತರಗತಿಯಲ್ಲಿ ಅಗರಬತ್ತಿ ಪೆಟ್ಟಿಗೆಯ ವಿನ್ಯಾಸ ಕೊಟ್ಟಾಗ ನಾನು ದೇವರನ್ನು ಹಾಕಲಿಲ್ಲ. ಪೂಜೆಯ ಸಾಮಾನಿಗೆ ದೇವರಿಲ್ಲದಿದ್ದರೆ ಹೇಗೆ ಎಂದು ಗೆಳತಿಯರು ಕೇಳಿದರು. ಮೈಸೂರಿನವರಿಗೆ ಉತ್ತರ ದೂರವೇನಿಲ್ಲ. 1948ರಲ್ಲಿ ಎನ್. ರಂಗರಾವ್ ಇದೇ ಊರಿನಲ್ಲಿ ಅಗರಬತ್ತಿ ವ್ಯಾಪಾರ ಶುರುಮಾಡಿ ಅದಕ್ಕೆ ಸೈಕಲ್ ಎಂದು ಹೆಸರಿಟ್ಟರು. ಯಾವ ಜಾತಿ, ಯಾವ ಧರ್ಮ, ಯಾವ ಭಾಷೆಯವರಿಗಾದರೂ ಸೈಕಲ್ ಗೊತ್ತು. ಕಡ್ಡಿ ಮುಗಿದ ಪೆಟ್ಟಿಗೆಯನ್ನು ಬಿಸಾಡುವ ಅಮ್ಮಂದಿರ ಮನಸ್ಸಿಗೆ ಕಸಿವಿಸಿಯೂ ಇಲ್ಲ. ಒಂದು ವಾರದ ಆಯುಸ್ಸಿನ ಪೆಟ್ಟಿಗೆಗೆ ಅದು ತಕ್ಕ ಚಿತ್ರ. ನಾನು ಬರೆದದ್ದು ಸಂಪಿಗೆ ಹೂವು. ಎಸಳು ಬಿಡಿಸಿದ ಹಾಗೆ ಪೆಟ್ಟಿಗೆ ಬಿಚ್ಚಿಕೊಳ್ಳುತ್ತದೆ.

ಬೇಕಾದಾಗ ಬರಮಾಡಿಕೊಂಡು, ಮುಗಿದಾಗ ಕಳಿಸಿಕೊಡುವ ವಿದ್ಯೆ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಗೆಳತಿಯೊಬ್ಬಳ ಮನೆಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಹೋಗಿದ್ದೆ. ಕಳಶದ ಮೇಲೆ ತೆಂಗಿನಕಾಯಿ, ಅದಕ್ಕೆ ಬೆಳ್ಳಿಯ ಮುಖ, ರೇಷ್ಮೆ ಸೀರೆ, ಮೂಗುತಿ. ಆ ದಿನ ಅದು ಸಾಕ್ಷಾತ್ ಲಕ್ಷ್ಮಿ. ಅದರ ಮುಂದೆ ಎತ್ತಿದ ದನಿಯಲ್ಲಿ ಯಾರೂ ಮಾತಾಡಲಿಲ್ಲ. ಮಾರನೆಯ ದಿನ ಸ್ನಾನ ಮಾಡಿ, ಮತ್ತೊಮ್ಮೆ ಪೂಜೆ ಮಾಡಿ, ಅವಳ ಅಮ್ಮ ಕಳಶವನ್ನು ಎರಡು ಕೈಯಿಂದ ಹಿಡಿದು ಒಂದಿಷ್ಟು ಕದಲಿಸಿದರು. ಅಷ್ಟೇ. ಮುಖ ಡಬ್ಬಿಗೆ ಹೋಯಿತು, ಸೀರೆ ಬೀರುವಿಗೆ, ಅಕ್ಕಿ ಡಬ್ಬಕ್ಕೆ. ಕಾಯಿ ಒಡೆದು ಪಾಯಸ ಮಾಡಿದರು, ನಾನೂ ಉಂಡೆ. ನಿನ್ನೆಯ ದೇವರನ್ನು ಇಂದು ತುರಿಮಣೆಯ ಮೇಲೆ ತುರಿಯುವುದರಲ್ಲಿ ಅವರಿಗೆ ಯಾವ ಅಳುಕೂ ಕಾಣಲಿಲ್ಲ. ಕಳಿಸಿಕೊಟ್ಟಾಗಿದೆಯಲ್ಲ! ಗೌರಿ, ಗಣಪ ಎಲ್ಲರಿಗೂ ಹೀಗೆ ಬರುವ ದಾರಿಯಿದೆ, ಹೋಗುವ ದಾರಿಯಿದೆ.

ಅಚ್ಚಾದ ದೇವರಿಗೆ ಮಾತ್ರ ಹೋಗುವ ದಾರಿಯನ್ನು ಯಾರೂ ಮಾಡಿಕೊಡಲಿಲ್ಲ. ಯಂತ್ರ ಬರಮಾಡಿಕೊಂಡಿತು, ಕಳಿಸಿಕೊಡುವವರಿಲ್ಲ. ಅದಕ್ಕೇ ಕಟ್ಟೆಯ ಮೇಲೆ ಅಷ್ಟೊಂದು ಪಟಗಳು. ಕದಲಿಸುವ ಕ್ರಮ ಗೊತ್ತಿಲ್ಲದ ಜನ ಮರಕ್ಕೆ ಒಪ್ಪಿಸಿ ಬಂದಿದ್ದಾರೆ.

ಇದಕ್ಕೆ ಸುಲಭದ ಪರಿಹಾರವೊಂದಿದೆ: ಅಗ್ಗದ ಕಾಗದಕ್ಕೆ ದೇವರನ್ನು ಇಳಿಸುವುದನ್ನೇ ನಿಲ್ಲಿಸುವುದು. 12ನೆಯ ಶತಮಾನದ ಶರಣರು ಅಂಗೈಯ ಲಿಂಗವೇ ಸಾಕೆಂದು ಗುಡಿಯನ್ನೇ ಬಿಟ್ಟು ನಡೆದವರಲ್ಲವೇ, ಕಾಗದ ಯಾವ ಲೆಕ್ಕ? ಇದನ್ನು ನಾನು ಗಟ್ಟಿಯಾಗಿಯೇ ನಂಬಿದ್ದೆ, ನಮ್ಮ ಅಜ್ಜಿಯ ಗೋಡೆಯನ್ನು ಹೊಸದಾಗಿ ನೋಡುವವರೆಗೆ. ಅಜ್ಜಿಯ ಮನೆಯಲ್ಲಿ ದೇವರ ಕೋಣೆಯಿಲ್ಲ. ಒಲೆಯ ಪಕ್ಕದ ಗೋಡೆಗೆ ಹುಲಿಯ ಮೇಲೆ ಕೂತ ಮಲೆ ಮಹದೇಶ್ವರನ ಕ್ಯಾಲೆಂಡರ್ ಚಿತ್ರ. ತಾರೀಖಿನ ಪ್ಯಾಡು ಎಂದೋ ಹೋಗಿದೆ. ಅಡಿಯಲ್ಲಿ ಜವಳಿ ಅಂಗಡಿಯ ಹೆಸರು ಅರ್ಧ ಉಳಿದಿದೆ. ಹಣೆಯ ಮೇಲೆ ದಶಕಗಳ ವಿಭೂತಿ.

"ಗುಡಿ ಒಳಿಕ್ಕೆ ನಮ್ಮ ಬುಡ್ತಿರ್ಲಿಲ್ಲ ಮಗ" ಎಂದಳು ಅಜ್ಜಿ. "ಆಚೆ ನಿಂತ್ಕೊಂಡು ಮಂಗಳಾರತಿ ಬೆಳಕ ನೋಡಿದ್ದೇ ಬಂತು. ಮಾದಪ್ಪನೇ ಕ್ಯಾಲೆಂಡ್ರಲ್ಲಿ ನಮ್ಮನೆಗೆ ಬಂದ."

ದೇವರ ಮುಖವನ್ನು ಅಷ್ಟು ಹತ್ತಿರದಿಂದ ಅಜ್ಜಿ ಮೊದಲು ನೋಡಿದ್ದು ಅಚ್ಚಿನಲ್ಲಿ. ಅಂಗಡಿಯವರು ಬಿಟ್ಟಿಯಾಗಿ ಕೊಟ್ಟ ಒಂದು ಹಾಳೆ, ಊರಿನ ಗುಡಿ ಮಾಡಲಾರದ್ದನ್ನು ಮಾಡಿತು. ಹೊಸಿಲಿನ ಆಚೆ ನಿಲ್ಲಿಸಲ್ಪಟ್ಟ ಎಷ್ಟೋ ಮನೆಗಳಿಗೆ ಅಗ್ಗದ ಮುದ್ರಣವೇ ಗರ್ಭಗುಡಿಯ ಬಾಗಿಲು ತೆರೆಯಿತು. ಆ ಕಾಗದ ಅಗ್ಗದ್ದು, ಆದ್ದರಿಂದ ದೇವರು ಅಲ್ಲಿರಬಾರದು ಎಂದು ಹೇಳುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಕೆಲವೇ ದಿನ ಬಾಳುವ ಪೆಟ್ಟಿಗೆಗೆ ದೇವರು ಬೇಡ ಎಂಬ ಮಾತನ್ನು ನಾನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಗೋಡೆ ಏರುವ ಹಾಳೆಯ ವಿಷಯ ಬೇರೆ. ಅದನ್ನು ಒಂದು ಜೀವ ದಿನಾ ನೋಡುತ್ತದೆ ಎಂದು ತಿಳಿದೇ ಮಾಡಬೇಕು, ಮತ್ತು ಒಂದು ದಿನ ಅದು ಗೋಡೆ ಬಿಟ್ಟು ಹೊರಡುತ್ತದೆ ಎಂಬುದನ್ನೂ.

ಈ ಡಿಸೆಂಬರಿಗೆ ಚಿಕ್ಕಪ್ಪ ನನಗೊಂದು ಕ್ಯಾಲೆಂಡರ್ ವಹಿಸಿದ್ದಾರೆ. ದಿನಸಿ ಅಂಗಡಿಯೊಂದರದು, ಮಾದಪ್ಪನ ಚಿತ್ರ. ಚಿತ್ರದ ಅಳತೆಯನ್ನು ಫ್ರೇಮ್ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ 12×18 ಇಂಚಿಗೆ ಸರಿಹೊಂದಿಸಿದ್ದೇನೆ. ಅಂಗಡಿಯ ಹೆಸರು, ಫೋನ್ ನಂಬರು, ತಾರೀಖಿನ ಪ್ಯಾಡು ಎಲ್ಲ ಚಿತ್ರದ ಕೆಳಗೆ. ನಡುವೆ ತೂತುಗಳ ಸಾಲು. ವರ್ಷ ಮುಗಿದ ಮೇಲೆ ಕತ್ತರಿ ಇಲ್ಲದೆಯೇ ಆ ಭಾಗವನ್ನು ಹರಿದು ತೆಗೆಯಬಹುದು. ದೇವರ ಪಾದದ ಮೇಲೆ ಯಾವ ಅಕ್ಷರವೂ ಇಲ್ಲ. ಪ್ಲಾಸ್ಟಿಕ್ ಲ್ಯಾಮಿನೇಷನ್ ಬೇಡವೆಂದಿದ್ದೇನೆ; ತೆಳುವಾಗಿ ನೀರಿನ ವಾರ್ನಿಷ್ ಸಾಕು. ಈಗ ಎಷ್ಟೋ ಮನೆಗಳಲ್ಲಿ ಮಣ್ಣಿನ ಗಣಪನನ್ನು ಬಕೆಟಿನಲ್ಲೇ ಬಿಟ್ಟು, ಕರಗಿದ ನೀರನ್ನು ಗಿಡಕ್ಕೆ ಹಾಕುತ್ತಾರೆ. ಲ್ಯಾಮಿನೇಷನ್ ಇಲ್ಲದ ಕಾಗದ ನೆನೆದರೆ ನಾರಾಗಿ ಬಿಡಿಸಿಕೊಳ್ಳುತ್ತದೆ. ಹಿಂಭಾಗದಲ್ಲಿ ಎರಡು ಸಾಲು ಹಾಕಿದ್ದೇನೆ: ಚಿತ್ರ ಹಳತಾದಾಗ ಕೈಮುಗಿದು, ಗೋಡೆಯಿಂದ ಇಳಿಸಿ, ನೀರಿನಲ್ಲಿ ನೆನೆಸಿ ಮಣ್ಣಿಗೆ ಸೇರಿಸಬಹುದು ಎಂದು.

ಚಿಕ್ಕಪ್ಪನಿಗೆ ಎರಡು ಆಕ್ಷೇಪಗಳಿವೆ. "ಅಂಗಡಿಯೋರು ದುಡ್ಡು ಕೊಡೋದೇ ಹೆಸರು ಗೋಡೆ ಮೇಲೆ ಇರ್ಲಿ ಅಂತ. ನೀನು ಹರಿದುಹಾಕೋ ಕಡೆ ಇಟ್ಟಿದ್ದೀಯಲ್ಲವ್ವ?" ಇದು ಮೊದಲನೆಯದು. ಹನ್ನೆರಡು ತಿಂಗಳು ಇರುತ್ತದಲ್ಲ ಚಿಕ್ಕಪ್ಪ ಎಂದೆ, ಅವರಿಗೆ ಸಮಾಧಾನವಾಗಲಿಲ್ಲ. ಎರಡನೆಯದು ವಾರ್ನಿಷ್‌ನದು: ಎಣ್ಣೆದೀಪದ ಹೊಗೆ, ಒಲೆಯ ಕಾವು, ಒದ್ದೆ ವಿಭೂತಿ ಇವಕ್ಕೆಲ್ಲ ಅದು ಎಷ್ಟು ವರ್ಷ ತಡೆದೀತು? ಲ್ಯಾಮಿನೇಷನ್ ಇದ್ದರೆ ಅಜ್ಜಿಯಂಥವರ ಮನೆಯಲ್ಲಿ ಒಂದು ತಲೆಮಾರು ಬಾಳುತ್ತದೆ. ಇದು ನಿಜವಾದ ತೊಡಕು. ಬಾಳುವುದೂ ಬೇಕು, ಕರಗುವುದೂ ಬೇಕು. ಅಜ್ಜಿಯನ್ನೇ ಕೇಳಿದೆ. ಅವಳಿಗೆ ಇದು ದೊಡ್ಡ ವಿಷಯವೇ ಅಲ್ಲ. ಹರಿದರೆ ನೀರಿಗೆ ಬಿಟ್ಟು ಬೇರೆ ತರುವುದು ಎಂದಳು. ಮುಖ ಮಾತ್ರ ಸರಿಯಾಗಿ ಕಾಣುವ ಹಾಗೆ ಮಾಡು, ಕಣ್ಣು ಮಂಜಾಗಿದೆ ಎಂದಳು. ಹಾಗಾಗಿ ಮುಖವನ್ನು ಇನ್ನಷ್ಟು ದೊಡ್ಡದು ಮಾಡಿ, ಹಿನ್ನೆಲೆಯ ಏಳುಮಲೆಗಳ ಬಣ್ಣ ತಗ್ಗಿಸಿದ್ದೇನೆ. ವಾರ್ನಿಷ್‌ಗೆ ಚಿಕ್ಕಪ್ಪ ಒಪ್ಪಿದ್ದಾರೆ. ಹೆಸರಿನ ಪಟ್ಟಿಯ ವಿಷಯವನ್ನು ಅಂಗಡಿಯವರ ಹತ್ತಿರ ಎತ್ತಲು ಅವರಿಗೆ ಸಂಕೋಚ. ಪ್ರೂಫ್ ತೋರಿಸುವುದಕ್ಕೆ ನಾನೇ ಹೋಗುತ್ತೇನೆಂದು ಹೇಳಿದ್ದೇನೆ.