ಬಿಡುವುದು, ಬಿಡಿಸುವುದು

ನೆಂಟರು ಮನೆ ಬದಲಿಸುವಾಗ ಹೋಗಿ ನೆರವಾಗುವುದು ಪುಣ್ಯದ ಕೆಲಸವೆಂದು ನಾನು ಬಹಳ ಕಾಲ ನಂಬಿದ್ದೆ. ಕಳೆದ ಏಪ್ರಿಲಿನಲ್ಲಿ ಐದಾರು ದಿನ ಈ ಪುಣ್ಯವನ್ನು ಸಂಪಾದಿಸಿ ಬಂದ ಮೇಲೆ ಆ ನಂಬಿಕೆ ಕೊಂಚ ಅಲುಗಾಡಿದೆ.

ನನ್ನ ಭಾವ ದಾಂಡೇಲಿಯ ಕಾರ್ಖಾನೆಯೊಂದರಲ್ಲಿ 34 ವರ್ಷ ದುಡಿದು ನಿವೃತ್ತರಾದರು. ಕ್ವಾರ್ಟರ್ಸು ಬಿಡಬೇಕು. ಮುಂಡಗೋಡದ ಹತ್ತಿರ ಅವರ ತಂದೆಯ ಕಾಲದ ಹೊಲ, ಹೊಲದ ಪಕ್ಕಕ್ಕೆ ಹೊಸದಾಗಿ ಕಟ್ಟಿಸಿದ ಎರಡು ಕೋಣೆಯ ಮನೆ ಇವೆ. ಕಾಲೇಜಿಗೆ ರಜೆ ಬಂದಿತ್ತು. ಬರುತ್ತೇನೆಂದು ನಾನೇ ಹೇಳಿಕಳಿಸಿದೆ. ಹೋದವನು ಸಾಮಾನು ಹೊತ್ತದ್ದು ಕಡಿಮೆ, ಸಾಮಾನಿನ ಮೇಲೆ ತೀರ್ಪು ಕೊಟ್ಟದ್ದು ಹೆಚ್ಚು. ಇದು ಬೇಕು, ಅದು ಬೇಡ, ಈ ಪೆಟ್ಟಿಗೆ ಗುಜರಿಗೆ, ಆ ಮಂಚ ನೆರೆಯವರಿಗೆ. ಪರರ ವಸ್ತುವನ್ನು ಬಿಸಾಡುವಾಗ ಮನುಷ್ಯನಿಗೆ ಎಂಥ ವೈರಾಗ್ಯ ಬರುತ್ತದೆಂಬುದನ್ನು ಅನುಭವಿಸಿಯೇ ತಿಳಿಯಬೇಕು.

ಹಿತ್ತಿಲಲ್ಲಿ ಒಂದು ಒರಳುಕಲ್ಲು ಇತ್ತು. ಅಕ್ಕ ಹೊಸದಾಗಿ ಸಂಸಾರ ಹೂಡಿದಾಗ ನಮ್ಮವ್ವ ಎತ್ತಿನ ಗಾಡಿಯಲ್ಲಿ ಸ್ಟೇಶನ್ನಿಗೆ ಸಾಗಿಸಿ, ರೈಲಿಗೆ ಹಾಕಿಸಿ ಕಳಿಸಿದ್ದು. ಅರ್ಧ ನೆಲದಲ್ಲಿ ಹೂತಿದೆ, ಸುತ್ತ ಸಿಮೆಂಟು. ಅಕ್ಕ ಅದರ ಹತ್ತಿರ ನಿಂತಿದ್ದಳು. ನಾನು ಹೇಳಿದೆ: ಮನೆಯಲ್ಲಿ ಮಿಕ್ಸರ್ ಇದೆ, ಇದನ್ನು ಅಗೆಯಲು ನಾಲ್ಕು ಆಳು ಬೇಕು, ಇದರಲ್ಲಿ ನೀನು ರುಬ್ಬಿ ಹತ್ತು ವರ್ಷವಾಯಿತು. ಅಕ್ಕ, "ಆಗ್ಲಿ ಬಿಡು ತಮ್ಮಾ" ಎಂದಳು. ಆ "ಬಿಡು" ಒಪ್ಪಿಗೆಯೆಂದು ತಿಳಿದು ನಾನು ಮುಂದಿನ ಕೋಣೆಗೆ ನಡೆದೆ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನು ಆ ಕ್ರಿಯಾಪದಕ್ಕೆ ಎಷ್ಟು ಅರ್ಥಗಳಿವೆ ಎಂದು ಒಂದು ಗಳಿಗೆ ಯೋಚಿಸಬಹುದಾಗಿತ್ತು.

ಲಾರಿ ಹೊರಟಿತು. ಹಿಂದೆ ನಾನು, ಅಕ್ಕ, ಭಾವ ನನ್ನ ಹಳೆಯ ಕಾರಿನಲ್ಲಿ. ಹಳಿಯಾಳದಲ್ಲಿ ಚಹ, ಅಲ್ಲಿಂದ ಕಲಘಟಗಿ, ತಡಸಗಳ ಮೇಲೆ ಹಾಯ್ದು ಮುಂಡಗೋಡ. ಲಾರಿಯ ಮಂದಗತಿಗೆ ಹೊಂದಿಕೊಂಡು ಹೋಗುವುದೆಂದರೆ ನಡೆದುಹೋದಷ್ಟೇ ಹೊತ್ತು ಎನ್ನಿ. ಈ ದಾರಿಯ ಜನರ ಪೈಕಿ ಎಷ್ಟೋ ಮಂದಿ ಎಲ್ಲಿಂದಲೋ ಎದ್ದು ಬಂದವರು. ಹಳಿಯಾಳದ ಚಹದಂಗಡಿಯಲ್ಲಿ ನಮ್ಮ ಪಕ್ಕ ಕುಳಿತಿದ್ದವರು ಸಿದ್ದಿಗಳು. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಈ ಕಾಡು ಸೇರಿದರು. ಸಾಮಾನು ಕಟ್ಟಿಕೊಳ್ಳಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂಡಗೋಡದ ಆಚೆಗೆ ಟಿಬೇಟಿಯನ್ನರ ಕ್ಯಾಂಪು. 1966ರಲ್ಲಿ ಶುರುವಾದದ್ದು. ಕಾಡು ಕಡಿದು, ಗೋವಿನಜೋಳ ಬಿತ್ತಿ ನೆಲೆನಿಂತ ಜನ. ಲ್ಹಾಸಾದ ಹತ್ತಿರ 1416ರಲ್ಲಿ ಕಟ್ಟಿದ ಡ್ರೆಪುಂಗ್ ಮಠವನ್ನು ಹೊತ್ತು ತರಲಾಗಲಿಲ್ಲ. ಅದರ ಹೆಸರನ್ನು ತಂದರು, ಆ ಹೆಸರಿನ ಮಠವನ್ನು ಇಲ್ಲಿ ಎಬ್ಬಿಸಿದರು. ಗಂಡೆನ್ ಮಠವೂ ಹಾಗೆಯೇ. ನನ್ನಂಥ ನೆರವಿನವನು ಅಲ್ಲಿದ್ದಿದ್ದರೆ, "ಹೆಸರೇಕೆ? ಹೊಸದೊಂದು ಇಟ್ಟುಕೊಳ್ಳಿ" ಎಂದು ಖಂಡಿತ ಹೇಳುತ್ತಿದ್ದ.

ಹೊಸ ಮನೆಯಲ್ಲಿ ಸಾಮಾನು ಇಳಿಸಿ ಜೋಡಿಸಲು ಎರಡು ದಿನ ಹಿಡಿಯಿತು. ಹಳೆಯ ಮನೆಯ ಕೀಲಿಕೈ ಒಪ್ಪಿಸುವುದು ಇನ್ನೂ ಬಾಕಿ. ಹೇಗೂ ದಾಂಡೇಲಿಗೆ ಹೋಗಬೇಕಲ್ಲ, ಎರಡು ದಿನ ಗಣೇಶಗುಡಿಯಲ್ಲಿ ಇದ್ದು ಬರೋಣ ಎಂದರು ಭಾವ. ಬೆಂಗಳೂರಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುವ ಜಾಗವನ್ನು ಇವರು 34 ವರ್ಷದಲ್ಲಿ ಒಮ್ಮೆಯೂ ಪುರಸತ್ತಾಗಿ ನೋಡಿರಲಿಲ್ಲ.

ಗಣೇಶಗುಡಿ ಇರುವುದು ಜೋಯಿಡಾ ತಾಲೂಕಿನಲ್ಲಿ. ನಾವು ಇಳಿದುಕೊಂಡ ಮನೆ ಸೂಪಾ ಹಿನ್ನೀರಿನ ದಂಡೆಯ ಮೇಲೆ. ಸುಖವಾಗಿತ್ತು; ಸುಳ್ಳು ಹೇಳಲಾರೆ. ಬೆಳಗ್ಗೆ ಮಂಗಟ್ಟೆ ಹಕ್ಕಿಗಳು ರೆಕ್ಕೆಯ ಸದ್ದು ಮಾಡುತ್ತ ತಲೆಯ ಮೇಲೆ ಹಾರಿಹೋದವು. ಸಂಜೆ ನೀರಿನ ಮೇಲೆ ಬೆಟ್ಟದ ನೆರಳು. ಭಾವ ಕುರ್ಚಿಯಲ್ಲಿ ಕುಳಿತಲ್ಲಿಯೇ ನಿದ್ದೆ ಹೋದರು.

ನಮಗೆ ಅಡಿಗೆ ಮಾಡುತ್ತಿದ್ದಾತ ಅರವತ್ತರ ಹತ್ತಿರದ ಮನುಷ್ಯ. ಆತ ಹುಟ್ಟಿದ್ದು ಸೂಪಾದಲ್ಲಿ. ಎಂದರೆ, ಈ ನೀರಿನ ತಳದಲ್ಲಿ. ಕಾಳೀ ಮತ್ತು ಪಾಂಢರಿ ನದಿಗಳು ಕೂಡುವ ಕಡೆ ಇದ್ದ ಆ ಊರು ತಾಲೂಕಿನ ಮುಖ್ಯ ಸ್ಥಳವಾಗಿತ್ತು. ತಾಲೂಕಿಗೆ ಅದರದೇ ಹೆಸರು. 1987ರಲ್ಲಿ ಮುಗಿದ 101 ಮೀಟರ್ ಎತ್ತರದ ಅಣೆಕಟ್ಟಿನಿಂದಾಗಿ ಊರು ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಬಂದವು, ತಾಲೂಕಿನ ಹೆಸರೂ ಬದಲಾಯಿತು. ಈತನ ಮನೆಯವರು ರಾಮನಗರದ ಪುನರ್ವಸತಿಗೆ ಹೋದರು.

"ಅಪ್ಪ ಬಾಗಿಲಿನ ಚೌಕಟ್ಟು ಕಿತ್ತು ಗಾಡಿಗೆ ಹಾಕಿದ" ಎಂದ ಆತ, ರೊಟ್ಟಿ ಬಡಿಸುತ್ತ. "ಹೊಸ ಮನೆಗೆ ಅದು ಕೂಡಲಿಲ್ಲ. ಹತ್ತು ವರ್ಷ ಗೋಡೆಗೆ ಒರಗಿಸಿ ಇಟ್ಟಿದ್ದ. ಗೆದ್ದಲು ಹಿಡೀತು."

"ಕೂಡದಿದ್ದರೆ ಯಾಕೆ ತಂದರು?" ಎಂದು ನಾನು ಕೇಳಿದೆ.

"ಅಪ್ಪನಿಗೆ ನಾವೂ ಅದನ್ನ ಕೇಳಲಿಲ್ಲ, ಸಾಹೇಬರೇ."

ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆ ರಾತ್ರಿ ಹಿತವಾದ ಗಾಳಿ ಇದ್ದೂ ನನಗೆ ನಿದ್ದೆ ಬರಲಿಲ್ಲ. ಅಣೆಕಟ್ಟನ್ನು ಬೈಯುವುದು ಸುಲಭ. ಆದರೆ ನಾನು ದೀಪ ಹಚ್ಚಿ ಓದುವವನು. ಕಾಳಿಯ ನೀರಿನಿಂದ ಹುಟ್ಟುವ ವಿದ್ಯುತ್ತು ನಾಡಿಗೆಲ್ಲ ಬೇಕಾದದ್ದೇ. ನನ್ನನ್ನು ಕಾಡಿದ್ದು ಬೇರೆ. ತ್ಯಾಗವನ್ನು ನಾವು ಮೆಚ್ಚುತ್ತೇವೆ. ನಮ್ಮ ಕಾವ್ಯಗಳೆಲ್ಲ ರಾಜ್ಯ ಬಿಟ್ಟವರ, ಮನೆ ಬಿಟ್ಟವರ ಸ್ತುತಿಯೇ. ಆದರೆ ಕನ್ನಡದಲ್ಲಿ ಬಿಡು ಎಂಬ ಧಾತುವಿನ ಪಕ್ಕದಲ್ಲಿಯೇ ಬಿಡಿಸು ಎಂಬುದು ಕುಳಿತಿದೆ. ನಡುವೆ ಇರುವುದು ಒಂದು ಪ್ರತ್ಯಯ. ತಾನು ಬಿಟ್ಟವನಿಗೆ ಏನು ಬಿಟ್ಟೆನೆಂಬುದು ಗೊತ್ತು. ಬಿಡಿಸಿದವನಿಗೆ ಗೊತ್ತಿರುವುದು ಅದರ ತೂಕ, ಲಾರಿಯಲ್ಲಿ ಅದು ಹಿಡಿಯುವ ಜಾಗ, ಹೆಚ್ಚೆಂದರೆ ಅದರ ಬೆಲೆ. ಆದರೂ ಪುಣ್ಯದಲ್ಲಿ ಪಾಲು ಕೇಳುವವನು ಅವನೇ.

ಇನ್ನೊಂದು ವಿಚಿತ್ರ. ಬಿಡುವು, ಬೀಡು, ಇವೂ ಆ ಧಾತುವಿನ ಮಕ್ಕಳೇ. ವಿಶ್ರಾಂತಿಗೂ ವಸತಿಗೂ ನಮ್ಮ ಹಿರಿಯರು ಬಿಡುವುದರಿಂದಲೇ ಶಬ್ದ ಮಾಡಿಕೊಂಡರು. ನಾನು ಬಿಡುವಿಗೆಂದು ಬಂದು ಕುಳಿತಿದ್ದ ನೀರು ಇನ್ನೊಬ್ಬರಿಂದ ಬಿಡಿಸಿದ ಬೀಡು. ಹಾಗೆಂದು ಎದ್ದು ಹೋಗಬೇಕಿತ್ತೆ? ಎದ್ದುಹೋದರೆ ಆ ಅಡಿಗೆಯವನ ಸಂಬಳಕ್ಕೆ ಕಲ್ಲು. ಸುಖಪಡುತ್ತ ಮುಖ ಸಪ್ಪೆ ಮಾಡಿಕೊಳ್ಳುವುದು ಇನ್ನೂ ಹೇಸಿಗೆಯ ನಟನೆ. ಒಂದು ಮಾತು ಮಾತ್ರ ಸ್ಪಷ್ಟವಾಯಿತು: ಸೂಪಾದವರಿಂದ ಏನೇನು ಬಿಡಿಸಿದರೆಂದು ಕೇಳುವ ಅಧಿಕಾರ, ಮೂರು ದಿನದ ಹಿಂದೆ ಹಿತ್ತಿಲಲ್ಲಿ ನಿಂತು ಒಂದು ಪ್ರಶ್ನೆಯನ್ನೂ ಕೇಳದೆ ತೀರ್ಪು ಕೊಟ್ಟ ನನಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಸರಕಾರಕ್ಕೆ ನಾಡಿನ ಬೆಳಕಿನ ನೆಪವಾದರೂ ಇತ್ತು. ನನಗೆ ಇದ್ದದ್ದು ಲಾರಿ ಬೇಗ ಹೊರಡಲೆಂಬ ಅವಸರ.

ಮರುದಿನ ದಾಂಡೇಲಿಗೆ ಮರಳಿದೆವು. ಖಾಲಿ ಮನೆಯಲ್ಲಿ ನಮ್ಮ ಮಾತೇ ನಮಗೆ ದೊಡ್ಡದಾಗಿ ಕೇಳಿಸುತ್ತಿತ್ತು. ಭಾವ ಮೀಟರಿನ ಅಂಕಿ ಬರೆದುಕೊಂಡು ಬಾಗಿಲಿಗೆ ಬೀಗ ಹಾಕಿದರು.

"ಅಕ್ಕಾ, ಆಳು ಕರೆಸಲೇನು? ಅಗೆಸೋಣ" ಎಂದೆ.

"ಈಗ ಎಲ್ಲಿ ಅಗಸ್ತಿಯೋ ತಮ್ಮಾ? ಸಿಮೆಂಟು ಒಡದ್ರ ಕಲ್ಲೂ ಒಡೀತದ. ಬರೋವ್ರು ರುಬ್ಬಿಕೊಳ್ಳಲಿ."

ಹೀಗೆಂದು ಅವಳು ಹಿತ್ತಿಲಿಗೆ ಹೋದಳು. ತಿರುಗಿ ಬಂದಾಗ ಎರಡೂ ಕೈಯಲ್ಲಿ ರುಬ್ಬುಗುಂಡು. ಅದನ್ನು ನೀರಿನಲ್ಲಿ ತೊಳೆದು ಹಳೆಯ ಟವೆಲಿನಲ್ಲಿ ಸುತ್ತಿದ್ದಳು.

"ಒರಳು ಇಲ್ಲೇ ಬಿಟ್ಟು ಗುಂಡು ತಗೊಂಡು ಏನ್ ಮಾಡ್ತಿ?" ಎಂದರು ಭಾವ.

ನನ್ನ ನಾಲಗೆಯ ತುದಿಯಲ್ಲಿದ್ದದ್ದೂ ಅದೇ ಪ್ರಶ್ನೆ. ಕಾರಿನ ಹಿಂದಿನ ಬಾಗಿಲು ತೆರೆದು ನಿಂತೆ. ಅಕ್ಕ ಅದನ್ನು ಸೀಟಿನ ಮೇಲೆ ತನ್ನ ಪಕ್ಕದಲ್ಲಿ ಇಟ್ಟುಕೊಂಡಳು. ಹಳಿಯಾಳದ ದಾರಿಯ ತಿರುವುಗಳಲ್ಲಿ ಉರುಳದಂತೆ ಒಂದು ಕೈಯಿಂದ ಹಿಡಿದಿದ್ದಳು. ಮುಂಡಗೋಡ ಬರುವವರೆಗೆ ನಮ್ಮಲ್ಲಿ ಯಾರೂ ಅದರ ಮಾತು ಎತ್ತಲಿಲ್ಲ.