ಸ್ಯಾದ್ವಾದವೂ ಕ್ವಾಂಟಮ್ ಗಣಿತವೂ: ಹೋಲಿಕೆಯ ಮಿತಿ

ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಹೇಗೆ ದೋಷವೋ, ಒಂದು ಸರಕನ್ನು ಅದರಂತೆಯೇ ಕಾಣುವ ಮತ್ತೊಂದು ಸರಕೆಂದು ಮಾರುವುದೂ ಹಾಗೆಯೇ ದೋಷ. ತತ್ತ್ವಾರ್ಥಸೂತ್ರವು ಇದನ್ನು 'ಪ್ರತಿರೂಪಕ ವ್ಯವಹಾರ'ವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಈ ನಿಯಮವು ಅಂಗಡಿಗಷ್ಟೇ ಸಲ್ಲುವುದೋ, ಜ್ಞಾನಕ್ಕೂ ಸಲ್ಲುವುದೋ? ಕ್ವಾಂಟಮ್ ಗಣಕಯಂತ್ರದ ತತ್ತ್ವವೆಲ್ಲ ಸ್ಯಾದ್ವಾದದಲ್ಲಿ ಮೊದಲೇ ಅಡಗಿದೆ ಎಂದು ಹೆಮ್ಮೆಯಿಂದ ನುಡಿಯುವವರು ಈ ಪ್ರಶ್ನೆಯನ್ನು ವಿಚಾರಿಸಬೇಕು.

ಮೊದಲು ಆ ಗಣಿತವನ್ನು ತಿಳಿಯೋಣ. ಚಿಮ್ಮಡದ ನೆರೆಯ ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬನು ಮೂರು ಅಂಗಡಿಗಳಿಗೆ ಕಳುಹಿಸಿದ ನಾಲ್ಕು ಬಗೆಯ ಸೀರೆಗಳ ಲೆಕ್ಕವನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಬರೆದರೆ ಅದು ಒಂದು ಮಾತೃಕೆ. ಅದನ್ನು ದರಗಳ ಕಂಬಸಾಲಿನಿಂದ ಗುಣಿಸಿದರೆ ಪ್ರತಿ ಅಂಗಡಿಯಿಂದ ಬರಬೇಕಾದ ಹಣ ತಿಳಿಯುತ್ತದೆ. ಕ್ವಾಂಟಮ್ ಗಣನೆಯೂ ಇಂತಹ ಗುಣಾಕಾರವೇ. ಅದರ ಮೂಲಮಾನವಾದ ಕ್ಯೂಬಿಟ್ಟು ಎರಡು ಸಂಖ್ಯೆಗಳ ಒಂದು ಕಂಬಸಾಲು. (1, 0) ಎಂದರೆ ನಿಶ್ಚಿತವಾಗಿ 'ಸೊನ್ನೆ'. (0, 1) ಎಂದರೆ ನಿಶ್ಚಿತವಾಗಿ 'ಒಂದು'. ಬೇರೆ ಸಂಖ್ಯೆಗಳಿದ್ದರೆ ಅವುಗಳ ಪರಿಮಾಣದ ವರ್ಗವು ಆಯಾ ಉತ್ತರ ದೊರೆಯುವ ಸಂಭಾವ್ಯತೆಯನ್ನು ಸೂಚಿಸುತ್ತದೆ.

ಹ್ಯಾಡಮಾರ್ಡ್ ಎಂಬ ಮಾತೃಕೆಯ ಸಾಲುಗಳು (1, 1) ಮತ್ತು (1, −1). ಎಲ್ಲವನ್ನೂ √2ರಿಂದ ಭಾಗಿಸಬೇಕು. ಇದು (1, 0) ಎಂಬುದನ್ನು (1/√2, 1/√2) ಮಾಡುತ್ತದೆ. ಆಗ ಎರಡು ಉತ್ತರಗಳಿಗೂ ಅರ್ಧರ್ಧ ಅವಕಾಶ. ನಾಣ್ಯ ಚಿಮ್ಮಿದಂತೆಯೇ ಆಯಿತಲ್ಲ ಎನ್ನಬಹುದು. ಆದರೆ ನಾಣ್ಯವನ್ನು ಎರಡನೆಯ ಸಲ ಚಿಮ್ಮಿದರೂ ಫಲ ಅರ್ಧರ್ಧವೇ. ಇಲ್ಲಿ ನಡುವೆ ಅಳೆಯದೆ ಅದೇ ಮಾತೃಕೆಯಿಂದ ಮತ್ತೊಮ್ಮೆ ಗುಣಿಸಿದರೆ ಮೊದಲ ಸ್ಥಾನದಲ್ಲಿ ½ + ½, ಎರಡನೆಯದರಲ್ಲಿ ½ − ½. ಅಂದರೆ ಪುನಃ (1, 0). ಋಣಚಿಹ್ನೆಯು ಒಂದು ದಾರಿಯನ್ನು ಅಳಿಸಿಬಿಟ್ಟಿತು. ಕ್ವಾಂಟಮ್ ಗಣನೆಯ ಬಲವಿರುವುದು ಈ ಅಳಿಸುವಿಕೆಯಲ್ಲಿ.

ಇನ್ನು ಸ್ಯಾದ್ವಾದ. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರು ಬಿಡಿಯಾಗಿಯೂ ಕೂಡಿಯೂ ಏಳು ಭಂಗಗಳಾಗುತ್ತವೆ. ಸ್ವದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಘಟವು ಇದೆ. ಪರದ್ರವ್ಯಾದಿಗಳ ದೃಷ್ಟಿಯಿಂದ ಇಲ್ಲ. ಇದು ನುಡಿಗೆ ಹಾಕಿದ ಸಂಯಮ. ಇಲ್ಲಿ ಅಸ್ತಿಯು ನಾಸ್ತಿಯನ್ನು ಅಳಿಸುವುದಿಲ್ಲ. ಎರಡೂ ತಮ್ಮ ತಮ್ಮ ಅಪೇಕ್ಷೆಯಿಂದ ಸತ್ಯವಾಗಿಯೇ ಉಳಿಯುತ್ತವೆ. ಹೊರಗಿನ ಹೋಲಿಕೆಯ ಒಳಗೆ ಇಷ್ಟು ಭೇದವಿದೆ.

ಹಾಗಾದರೆ ಹೋಲಿಸುವುದೇ ತಪ್ಪೆ? ಅಲ್ಲ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು 1950ರ ದಶಕದಲ್ಲಿಯೇ ಸ್ಯಾದ್ವಾದವನ್ನು ಸಂಭಾವ್ಯತೆಯ ವಿಚಾರದೊಡನೆ ಇಟ್ಟು ನೋಡಿದರು. ಆದರೆ ಇಂದಿನ ರೂಪದ ಸಂಭಾವ್ಯತೆಯ ಕಲ್ಪನೆ ಅಲ್ಲಿತ್ತೆಂದು ತಾವು ವಾದಿಸುತ್ತಿಲ್ಲವೆಂದೂ ಸ್ಪಷ್ಟಪಡಿಸಿದರು. ಹೋಲಿಕೆಗೆ ಹಾಕಬೇಕಾದ ಎಲ್ಲೆ ಇದು.

ಈ ನಾಡಿಗೆ ಹೆಮ್ಮೆಪಡಲು ನಿಜವಾದ ಕಾರಣಗಳಿಗೆ ಕೊರತೆಯಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅದರಲ್ಲಿ ನೇರವಾಗಿ ಹೇಳಿದರು. ಮುಂದಿನವರು ಅಂತಹ ಮೂಲಗಳಿಗೆ ಹೊಸ ಸಂಖ್ಯೆಗಳನ್ನೇ ಕಲ್ಪಿಸಿದರು. ಇಂದು ಕ್ವಾಂಟಮ್ ಗಣಿತವು ಅವುಗಳಿಲ್ಲದೆ ನಡೆಯದು. ಇದರಿಂದ ಆಚಾರ್ಯರ ಗೌರವ ಕುಂದಲಿಲ್ಲ. ತಾವು ಕಂಡಷ್ಟನ್ನೇ ಹೇಳಿದ್ದು ಅವರ ಹಿರಿಮೆ.

ಕೇಂದ್ರ ಸರ್ಕಾರವು 2023ರಲ್ಲಿ ₹6,003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಗಣನಾ ವಿಭಾಗದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಸಮಾಜದ ಮಕ್ಕಳು ಈ ವಿದ್ಯೆಯನ್ನು ಕಲಿಯಲಿದ್ದಾರೆ. ಬಸದಿಯ ಸಭೆಯಲ್ಲಿ ಕೇಳಿದ ಮಾತು ಪಾಠದಲ್ಲಿ ಸುಳ್ಳೆಂದು ಕಂಡಾಗ ಅವರು ಆ ಮಾತನ್ನಷ್ಟೇ ಬಿಡುವುದಿಲ್ಲ, ಸ್ಯಾದ್ವಾದವನ್ನೂ ಶಂಕಿಸುತ್ತಾರೆ. ಕೃತಕ ರೇಷ್ಮೆಯನ್ನು ಒಮ್ಮೆ ರೇಷ್ಮೆಯೆಂದು ಮಾರಿದವನ ಅಸಲಿ ರೇಷ್ಮೆಯನ್ನೂ ಗಿರಾಕಿ ನಂಬುವುದಿಲ್ಲ.

ಆದ್ದರಿಂದ ಗ್ರಂಥ ಪ್ರಕಟಿಸುವ ಟ್ರಸ್ಟುಗಳೂ ಪ್ರವಚನಕಾರರೂ ಇಂತಹ ಹೋಲಿಕೆ ಮಾಡುವಾಗ ಯಾವ ಅಪೇಕ್ಷೆಯಿಂದ ಸಾಮ್ಯ, ಯಾವ ಅಪೇಕ್ಷೆಯಿಂದ ಭೇದ ಎಂಬುದನ್ನು ಎರಡನ್ನೂ ಹೇಳಬೇಕು. ಸ್ಯಾದ್ವಾದದ ಹೊಗಳಿಕೆಗೂ 'ಸ್ಯಾತ್' ಎಂಬ ಪದ ಅನ್ವಯಿಸಿದಾಗಲೇ ಅದನ್ನು ಆಚರಿಸಿದಂತಾಗುತ್ತದೆ.