ವಿಶ್ರಾಂತಿಯೋ, ಪಲಾಯನವೋ?

ಜಗಳವಾದಾಗ ಎದ್ದು ಹೊರಗೆ ಹೋಗುವುದು ತಪ್ಪೇ? ಕಳೆದ ಜುಲೈಯಲ್ಲಿ ನಾವು ಐವರು ಈ ಪ್ರಶ್ನೆಯನ್ನು ಹೊತ್ತುಕೊಂಡೇ ಸೈಕಲ್ ಹತ್ತಿದೆವು.

ಅದಕ್ಕೆ ಹದಿನೈದು ದಿನ ಮೊದಲು ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ನವೇನದ ಸಭೆ ಸೇರಿತ್ತು. ಒಂಬತ್ತು ದಿನಗಳಲ್ಲಿ ಕನ್ನಡ ಬಲಿಪೂಜೆಗೆ ಎಷ್ಟು ದಿನ, ಯಾವ ಹೊತ್ತು ಎಂಬ ಮಾತು ಬಂತು. ಹಲವು ಭಾಷೆಗಳ ಧರ್ಮಪ್ರಾಂತ್ಯದಲ್ಲಿ ಈ ಮಾತು ಹೇಗೆ ಬೆಳೆಯುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ದನಿ ಏರಿತು, ಹಳೆಯ ಲೆಕ್ಕಗಳೆಲ್ಲ ಹೊರಬಂದವು. ನಾವು ಎದ್ದು ಬಂದೆವು. ಮುಂದಿನ ಎರಡು ಭಾನುವಾರ ಗಾಯನವೃಂದದತ್ತಲೂ ಸುಳಿಯಲಿಲ್ಲ. "ಎಲ್ಲಾದರೂ ಸದ್ದಿಲ್ಲದ ಚರ್ಚಿನಲ್ಲಿ ಒಂದಿಷ್ಟು ಹೊತ್ತು ಕೂತು ಬರೋಣ" ಎಂದಿತು ಮನಸ್ಸು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ನಮ್ಮ ಊರಿನ ಹುಡುಗನಿದ್ದಾನೆ. ಅವನ ಕೋಣೆಯಲ್ಲಿ ರಾತ್ರಿ ತಂಗಿ, ಅವನ ಗೆಳೆಯರ ಸೈಕಲ್‌ಗಳನ್ನು ಎರವಲು ಪಡೆದು, ಬೆಳಗಿನ ಐದಕ್ಕೆ ಹೊರಟೆವು. ಮಂಗಲಂ, ಸೋಮನೂರು ಮಾರ್ಗವಾಗಿ ಕರುಮತ್ತಂಪಟ್ಟಿಗೆ ಸುಮಾರು 20 ಕಿಲೋಮೀಟರ್. ತೆಂಗಿನ ತೋಟಗಳು, ತಾಳೆಮರಗಳು, ಊರೂರಿನಲ್ಲೂ ಪವರ್‌ಲೂಮ್‌ಗಳ ಸದ್ದು. ಮಳೆಗಾಲದ ಗಾಳಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗಿ ಬಂದು ಎದೆಗೆ ಹೊಡೆಯುತ್ತಿತ್ತು. ಸೋಮನೂರಿನ ಟೀ ಅಂಗಡಿಯಲ್ಲಿ ನಮ್ಮ ಮಾತು ಕೇಳಿ ಒಬ್ಬ ನೇಕಾರರು ತಿರುಗಿ ನೋಡಿದರು. ಅವರು ದೇವಾಂಗದವರು. ಮನೆಯಲ್ಲಿ ಇಂದಿಗೂ ಅವರದು ಕನ್ನಡವೇ. ನಮ್ಮ ಟೀಗೂ ಅವರೇ ಕಾಸು ಕೊಟ್ಟರು.

ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ದೇವಾಲಯ ನಮಗೆ ಪರಕೀಯವಲ್ಲ. 17ನೇ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆ ಬರೆದರು. ಅವರು ಆರಂಭಿಸಿದ ಮೈಸೂರು ಮಿಷನ್ ಕೊಂಗುನಾಡಿನ ಈ ಸೀಮೆಗೂ ಚಾಚಿಕೊಂಡಿತು. ಇಂದಿನ ರಾಜ್ಯಗಡಿ ಆಗ ಇರಲಿಲ್ಲ.

ನಾವು ಹೋದದ್ದು ಬುಧವಾರ. ಒಳಗೆ ಯಾರೂ ಇರಲಿಲ್ಲ. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು, ಹತ್ತಿರದಲ್ಲಿ ಪೊರಕೆಯ ಸದ್ದು, ಅಷ್ಟೇ. ಬಯಸಿದ್ದು ಸಿಕ್ಕಿತೆಂದು ಮೊಣಕಾಲೂರಿದೆವು. ಹೊರಬಂದಾಗ ಗುಡಿಸುತ್ತಿದ್ದ ಅಜ್ಜಿ ಎಲ್ಲಿಂದ ಬಂದಿರೆಂದು ತಮಿಳಿನಲ್ಲಿ ಕೇಳಿದರು. ಹೇಳಿದೆವು. ಅಜ್ಜಿಗೆ ಪಾಪ ಅನ್ನಿಸಿತು. "ಅಷ್ಟು ದೂರದಿಂದ ಬಂದಿದ್ದೀರಿ ತಂಬಿ, ಇವತ್ತು ಯಾರೂ ಇಲ್ಲವಲ್ಲ! ಅಕ್ಟೋಬರ್ ಹಬ್ಬಕ್ಕೆ ಬನ್ನಿ, ನಿಲ್ಲಲು ಜಾಗ ಇರುವುದಿಲ್ಲ" ಎಂದರು.

ನಾವು ಯಾವುದನ್ನು ಹುಡುಕಿಕೊಂಡು ಬಂದಿದ್ದೆವೋ ಅದಕ್ಕೇ ಅವರು ಕ್ಷಮೆ ಕೇಳುವಂತೆ ಮಾತಾಡಿದ್ದರು. ಅವರ ಪಾಲಿಗೆ ದೇವಾಲಯವೆಂದರೆ ಜನ. ಅವರು ಗುಡಿಸುತ್ತಿದ್ದುದು ಬರಲಿರುವ ಜನರಿಗಾಗಿ. ನಮಗೆ ಸಿಕ್ಕ ನಿಶ್ಶಬ್ದವೂ ಅವರ ಕೈಕೆಲಸವೇ ಆಗಿತ್ತು.

ಹಾಗಾದರೆ ದೂರ ಹೋಗುವುದೇ ತಪ್ಪೇ? ಅಲ್ಲ. ಯೇಸುಸ್ವಾಮಿಯೇ ದಣಿದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದೊಯ್ದರು. ಆದರೆ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಪೂರ್ತಿ ಓದಬೇಕು: ದೋಣಿ ದಡ ಸೇರುವಷ್ಟರಲ್ಲಿ ಜನ ಓಡಿಬಂದು ಕಾದಿದ್ದರು. ಸ್ವಾಮಿ ದೋಣಿ ತಿರುಗಿಸಲಿಲ್ಲ. ಅವರಿಗೆ ಕನಿಕರ ಹುಟ್ಟಿತು.

ಬಿಟ್ಟು ಹೋಗಲೇಬೇಕಾದ ಸಂದರ್ಭಗಳೂ ಉಂಟು. ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಯಾಕ್ ಎಂಬ ಫ್ರೆಂಚ್ ಧರ್ಮಗುರು 1846ರಲ್ಲಿ ಇದೇ ಕರುಮತ್ತಂಪಟ್ಟಿಯಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಇಲ್ಲಿಯ ಮಕ್ಕಳೇ ಗುರುಗಳಾಗಬೇಕೆಂದು ದುಡಿದರು. ಸಭೆಯೊಳಗೆ ಜಾತಿಯ ಆಚಾರಗಳಿಗೆ ಎಷ್ಟು ಎಡೆಕೊಡಬೇಕೆಂಬ ವಿವಾದ ಅವರ ಮನಸ್ಸಾಕ್ಷಿಯನ್ನು ಕಾಡಿತು. ಕೊನೆಗೆ ರಾಜೀನಾಮೆ ಕೊಟ್ಟು ಹೊರಟರು. ಆದರೆ ನೆಮ್ಮದಿಯ ತಾಣಕ್ಕಲ್ಲ. 1856ರಲ್ಲಿ ಲಿಯೋನ್ ನಗರದಲ್ಲಿ ಆಫ್ರಿಕಾದ ಸೇವೆಗಾಗಿ ಸಂಸ್ಥೆ ಕಟ್ಟಿ, 1859ರಲ್ಲಿ ಫ್ರೀಟೌನಿಗೆ ಹೋಗಿ, ಕೆಲವೇ ವಾರಗಳಲ್ಲಿ ಹಳದಿ ಜ್ವರದಿಂದ ತೀರಿಕೊಂಡರು.

ಅವರ ನಿರ್ಗಮನಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ ನಮ್ಮನ್ನು ಚುಚ್ಚಿತು. ಬಿಟ್ಟುಹೋದದ್ದರ ಬೆಲೆಯನ್ನು ಅವರು ತಾವೇ ತೆತ್ತರು. ನಾವು ಎದ್ದು ಬಂದದ್ದರ ಬೆಲೆಯನ್ನು ತೆತ್ತವರು ಬೇರೆಯವರು. ಆ ಎರಡು ಭಾನುವಾರ ಕನ್ನಡ ಪೂಜೆಯಲ್ಲಿ ಹಾಡಿದ್ದು ಮುಂದಿನ ಬೆಂಚಿನ ಮೂವರು ಅಜ್ಜಿಯಂದಿರು ಮಾತ್ರ, ಹಾರ್ಮೋನಿಯಂ ಇಲ್ಲದೆ. ಸಂಖ್ಯೆಯಲ್ಲಿ ಕಡಿಮೆ ಇರುವವರಲ್ಲಿ ಐವರು ಎದ್ದರೆ ಉಳಿಯುವುದೆಷ್ಟು?

ಅವಮಾನ ತಾಳಲಾರದೆ ಹೊರನಡೆದವರನ್ನು ನಾವು ಹಳಿಯುವುದಿಲ್ಲ. ಅವರ ನೋವು ಬೇರೆ. ನಮಗೆ ಆದದ್ದು ಬರೀ ಬೇಸರ. ಆದ್ದರಿಂದ ನಮಗೆ ನಾವೇ ಹಾಕಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ನೆಮ್ಮದಿಯ ಬೆಲೆಯನ್ನು ಯಾರು ಕೊಡುತ್ತಿದ್ದಾರೆ? ನಾವೇ ಕೊಡುತ್ತಿದ್ದರೆ, ಮರಳುವ ಮನಸ್ಸೂ ಇದ್ದರೆ, ಅದು ವಿಶ್ರಾಂತಿ. ಇನ್ನೊಬ್ಬರ ಹೆಗಲಿಗೆ ಹಾಕಿದ್ದರೆ, ಅದು ಪಲಾಯನ.

ಮರಳುವಾಗ ಗಾಳಿ ಬೆನ್ನಿಗಿತ್ತು. ಬೇಗನೆ ತಿರುಪ್ಪೂರು ಸೇರಿದೆವು. ಮುಂದಿನ ಸಭೆಗೆ ಐವರೂ ಹೋದೆವು. ಕನ್ನಡಕ್ಕೆ ಕೇಳಿದಷ್ಟು ದಿನ ಸಿಗಲಿಲ್ಲ. ಸಿಕ್ಕಷ್ಟು ದಿನ ಹಾಡಿದೆವು. ತಮಿಳಿನ ದಿನಗಳಲ್ಲೂ ಹೋಗಿ ಬೆಂಚು ಜೋಡಿಸಿದೆವು. ನ್ಯಾಯ ಕೇಳುವುದನ್ನು ಬಿಟ್ಟಿಲ್ಲ. ಆದರೆ ಈಗ ಒಳಗೆ ಕೂತು ಕೇಳುತ್ತೇವೆ.